ನೆತ್ತರ ಕಲೆಗಳ ಸಾಕ್ಷ್ಯ

1895ನೆಯ ಇಸವಿಯಲ್ಲಿ ವಿಯೆನ್ನಾ ನಗರದಲ್ಲಿ ಜರ್ಮನ್ ಭಾಷೆಯ ಗ್ರಂಥವೊಂದು ಅಚ್ಚಾಯಿತು. ಅದನ್ನು ಬರೆದವನು ಕ್ರಾಕೋ ಪಟ್ಟಣದ ನ್ಯಾಯವೈದ್ಯಶಾಲೆಯಲ್ಲಿ ಸಹಾಯಕನಾಗಿದ್ದ ಎಡ್ವರ್ಡ್ ಪಿಯೊತ್ರೋವ್ಸ್ಕಿ ಎಂಬ ಪಂಡಿತನು. ತಲೆಗೆ ಪೆಟ್ಟು ಬಿದ್ದಾಗ ಚಿಮ್ಮುವ ನೆತ್ತರು ಯಾವ ಆಕಾರವನ್ನು ತಾಳಿ, ಯಾವ ದಿಕ್ಕಿಗೆ ಹರಡುತ್ತದೆಂಬುದೇ ಅದರ ವಿಷಯವಾಗಿದ್ದಿತು. ಇದನ್ನು ಅರಿಯಲು ಅವನು ಬಿಳಿಯ ಕಾಗದದ ತೆರೆಗಳನ್ನು ಕಟ್ಟಿ, ಅವುಗಳ ಮುಂದೆ ಜೀವಂತ ಮೊಲಗಳನ್ನಿರಿಸಿ, ಆಯುಧಗಳಿಂದ ಹೊಡೆದು, ಕಾಗದದ ಮೇಲೆ ಮೂಡಿದ ಕಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಓದುವವರ ಮನಸ್ಸು ಹೇಸುವಂಥ ಪ್ರಯೋಗವೇ ಸರಿ. ಆದರೂ ಕೊಲೆ ನಡೆದ ಕೋಣೆಯ ಗೋಡೆಯನ್ನು ಒಂದು ಲಿಪಿಯಂತೆ ಓದಬಹುದೆಂದು ಕ್ರಮವಾಗಿ ತೋರಿಸಿದವರಲ್ಲಿ ಅವನನ್ನೇ ಮೊದಲಿಗನೆಂದು ಎಣಿಸುವುದು ವಾಡಿಕೆಯಾಗಿದೆ.

ಈ ಲಿಪಿಯ ಅಕ್ಷರಮಾಲೆಯು ಕಠಿನವಲ್ಲ. ಗಾಳಿಯಲ್ಲಿ ಹಾರುವ ನೆತ್ತರ ಹನಿಯು ಬಹುಮಟ್ಟಿಗೆ ಗುಂಡಗಿರುವುದು. ಅದು ನಯವಾದ ತಳದ ಮೇಲೆ ನೆಟ್ಟಗೆ ಬಿದ್ದರೆ ಕಲೆಯು ವೃತ್ತಾಕಾರವಾಗಿಯೂ, ಓರೆಯಾಗಿ ಬಿದ್ದರೆ ಮೊಟ್ಟೆಯಂತೆ ನೀಳವಾಗಿಯೂ ಆಗುತ್ತದೆ. ಅಂಥ ಕಲೆಯ ಚೂಪಾದ ಬಾಲವು ಹನಿಯು ಸಾಗುತ್ತಿದ್ದ ದಿಕ್ಕನ್ನು ತೋರುವುದು. ಕಲೆಯ ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣದಿಂದ ಅದು ಬಡಿದ ಕೋನವನ್ನು ಲೆಕ್ಕಹಾಕಬಹುದು. ಅಗಲವು ಉದ್ದದ ಅರ್ಧದಷ್ಟಿದ್ದರೆ ಕೋನವು 30 ಡಿಗ್ರಿ. 1939ರಲ್ಲಿ ಪ್ಯಾರಿಸಿನ ವೈದ್ಯ ವಿಕ್ಟರ್ ಬಾಲ್ತಜಾರನೂ ಅವನ ಸಂಗಡಿಗರೂ ಈ ಸಂಬಂಧವನ್ನು ಕುರಿತು ಪ್ರಬಂಧವನ್ನು ಮಂಡಿಸಿದರು. ಹಲವು ಕಲೆಗಳಿಂದ ಹಿಂದಕ್ಕೆ ಗೆರೆಗಳನ್ನೆಳೆದರೆ ಅವು ಕೂಡುವ ಎಡೆಯಲ್ಲಿ ಪೆಟ್ಟು ಬಿದ್ದಿತೆಂದು ಊಹಿಸಬಹುದು. ಆದರೆ ಹನಿಯ ದಾರಿಯು ಗೆರೆಯಂತೆ ನೇರವಾದುದಲ್ಲ. ಭೂಮಿಯ ಸೆಳೆತದಿಂದ ಅದು ಬಾಗುತ್ತದೆ. ಆದಕಾರಣ ಹೀಗೆ ಗುಣಿಸಿದ ಎತ್ತರವು ನಿಜವಾದ ಎತ್ತರಕ್ಕಿಂತ ಹೆಚ್ಚಾಗುವುದುಂಟು.

ಈ ವಿದ್ಯೆಗೆ ಲೋಕಪ್ರಸಿದ್ಧಿಯನ್ನು ತಂದದ್ದು ಅಮೆರಿಕದ ಒಂದು ಮೊಕದ್ದಮೆ. ಓಹಾಯೋ ಸಂಸ್ಥಾನದಲ್ಲಿ ಈರೀ ಸರೋವರದ ದಡದ ಬೇ ವಿಲೇಜ್ ಎಂಬಲ್ಲಿ 1954ನೆಯ ಜುಲೈ 4ರ ಬೆಳಗಿನ ಜಾವ, ವೈದ್ಯ ಸ್ಯಾಮ್ ಶೆಪರ್ಡನ ಹೆಂಡತಿ ಮೆರಿಲಿನಳು ತನ್ನ ಹಾಸಿಗೆಯಲ್ಲಿಯೇ ತಲೆಯೊಡೆಸಿಕೊಂಡು ಸತ್ತಿದ್ದಳು. ಆಕೆ ಗರ್ಭಿಣಿಯಾಗಿದ್ದಳು. ಕೆಳಗಿನ ಕೋಣೆಯಲ್ಲಿ ಮಲಗಿದ್ದ ತಾನು ಆಕೆಯ ಕೂಗನ್ನು ಕೇಳಿ ಮೇಲಕ್ಕೋಡಿದಾಗ ಯಾರೋ ಅಪರಿಚಿತನು ತನ್ನನ್ನು ಹೊಡೆದು ಕೆಡವಿದನೆಂದು ಗಂಡನು ಹೇಳಿದನು. ವರ್ತಮಾನ ಪತ್ರಿಕೆಗಳು ಅವನನ್ನು ವಿಚಾರಣೆಗೆ ಮುಂಚೆಯೇ ಅಪರಾಧಿಯನ್ನಾಗಿ ಮಾಡಿದ್ದವು. ಮರಣವಿಚಾರಣೆಯ ಅಧಿಕಾರಿಯಾದ ಗರ್ಬರನು, ದಿಂಬಿನ ಮೇಲಿನ ನೆತ್ತರ ಗುರುತು ಶಸ್ತ್ರಚಿಕಿತ್ಸೆಯ ಉಪಕರಣವೊಂದರ ಅಚ್ಚೆಂದು ಸಾಕ್ಷ್ಯ ನುಡಿದನು. ಅಂಥ ಉಪಕರಣವು ದೊರೆಯಲೇ ಇಲ್ಲ! ಡಿಸೆಂಬರಿನಲ್ಲಿ ಶೆಪರ್ಡನಿಗೆ ಜೀವಾವಧಿ ಶಿಕ್ಷೆಯಾಯಿತು.

1955ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಪಾಲ್ ಕರ್ಕನು ಶೆಪರ್ಡನ ಪಕ್ಷದವರ ಕೋರಿಕೆಯಂತೆ ಆ ಕೋಣೆಯನ್ನು ಹೊಕ್ಕನು. ಗೋಡೆಗಳ ಮೇಲೆಲ್ಲ ಹನಿಗಳು ಸಿಡಿದಿದ್ದರೂ ಒಂದು ಮೂಲೆ ಮಾತ್ರ ಬರಿದಾಗಿದ್ದಿತು. ಕಲೆಯಿಲ್ಲದ ಆ ಎಡೆಯೇ ಅವನಿಗೆ ಮುಖ್ಯವಾಗಿ ಕಂಡಿತು. ಕೊಲೆಗಾರನ ದೇಹವೇ ಅಲ್ಲಿ ಅಡ್ಡ ನಿಂತು ಹನಿಗಳನ್ನು ತಡೆದಿರಬೇಕು. ಹಾಗಾದರೆ ಅವನ ಬಟ್ಟೆಯು ನೆತ್ತರಲ್ಲಿ ತೊಯ್ದಿರಬೇಕು. ಶೆಪರ್ಡನ ಷರಾಯಿಯಲ್ಲಿಯೋ ಮೊಣಕಾಲಿನ ಬಳಿ ಒಂದು ಕಲೆ ಮಾತ್ರವಿದ್ದಿತು. ಆದರೆ ಅವನು ತೊಟ್ಟಿದ್ದ ಅಂಗಿಯು ಸಿಕ್ಕದೆ ಹೋದುದನ್ನು ಎದುರು ಪಕ್ಷದವರು ಮರೆಯಲಿಲ್ಲ. ಆಯುಧವನ್ನು ಬೀಸಿದಾಗ ಅದರ ತುದಿಯಿಂದ ಸಿಡಿದ ಹನಿಗಳ ಸಾಲನ್ನು ನೋಡಿ, ಹೊಡೆದದ್ದು ಎಡಗೈಯೆಂದು ಕರ್ಕನು ನಿರ್ಣಯಿಸಿದನು. ಶೆಪರ್ಡನು ಬಲಗೈ ಬಳಕೆಯವನು. ಕಪಾಟಿನ ಬಾಗಿಲ ಮೇಲಿನ ದೊಡ್ಡ ಕಲೆಯು ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ, ಮೂರನೆಯವನೊಬ್ಬನದೆಂದೂ ಅವನು ಪ್ರಮಾಣಪತ್ರದಲ್ಲಿ ಬರೆದನು. ಈ ಕೊನೆಯ ಮಾತು ಕಲೆಯ ಆಕಾರದಿಂದ ಬಂದುದಲ್ಲ, ರಸಾಯನ ಪರೀಕ್ಷೆಯಿಂದ ಬಂದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಮರುವಿಚಾರಣೆಯ ಬೇಡಿಕೆಯನ್ನು ನ್ಯಾಯಾಧಿಪತಿಯು ಆ ವರ್ಷವೇ ತಳ್ಳಿಹಾಕಿದನು.

ಶೆಪರ್ಡನು ಸುಮಾರು ಹತ್ತು ವರ್ಷ ಸೆರೆಯಲ್ಲಿ ಕಳೆದನು. 1966ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಿಂದಿನ ತೀರ್ಪನ್ನು ರದ್ದುಪಡಿಸಿತು. ಇದಕ್ಕೆ ಕಾರಣ ನೆತ್ತರ ಕಲೆಗಳಲ್ಲ, ಪತ್ರಿಕೆಗಳ ಗದ್ದಲದಲ್ಲಿ ನ್ಯಾಯವಾದ ವಿಚಾರಣೆ ನಡೆಯಲಿಲ್ಲವೆಂಬುದು. ಅದೇ ವರ್ಷದ ಕೊನೆಯಲ್ಲಿ ನಡೆದ ಎರಡನೆಯ ವಿಚಾರಣೆಯಲ್ಲಿ ಕರ್ಕನು ತನ್ನ ವಾದವನ್ನು ಜೂರಿಯ ಮುಂದೆ ವಿವರಿಸಿದನು. ನವೆಂಬರ್ 16ರಂದು ಶೆಪರ್ಡನು ನಿರ್ದೋಷಿಯೆಂದು ಬಿಡುಗಡೆಹೊಂದಿದನು. ಅವನೂ ಕರ್ಕನೂ 1970ರಲ್ಲಿಯೇ ತೀರಿಕೊಂಡರು.

ಅನಂತರ 1971ರಲ್ಲಿ ಹರ್ಬರ್ಟ್ ಮ್ಯಾಕ್‌ಡೊನೆಲನ ಗ್ರಂಥವು ಅಮೆರಿಕ ಸರಕಾರದ ನೆರವಿನಿಂದ ಹೊರಬಿದ್ದಿತು. ಅವನು ನಡೆಸಿದ ಅಲ್ಪಾವಧಿಯ ತರಗತಿಗಳಲ್ಲಿ ಕಲಿತ ಪೋಲೀಸಿನವರು ತಾವೇ ತಜ್ಞರೆನಿಸಿ ನ್ಯಾಯಾಲಯಗಳಲ್ಲಿ ಸಾಕ್ಷ್ಯ ನುಡಿಯತೊಡಗಿದರು. ಪ್ರೊಫೆಸರನು ತಿಂಗಳುಗಟ್ಟಲೆ ಪ್ರಯೋಗಿಸಿ ಅಳುಕುತ್ತ ಹೇಳಬೇಕಾದುದನ್ನು ನಾಲ್ಕು ದಿನದ ಪಾಠ ಕೇಳಿದವನು ಧೈರ್ಯದಿಂದ ಹೇಳುವನು. 2009ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಪರಿಷತ್ತಿನ ವರದಿಯು, ಈ ತಜ್ಞರ ಅಭಿಪ್ರಾಯಗಳು ವಿಜ್ಞಾನಕ್ಕಿಂತ ಹೆಚ್ಚಾಗಿ ಸ್ವಂತ ಊಹೆಯನ್ನೇ ಅವಲಂಬಿಸಿರುವುವೆಂದೂ, ಅವುಗಳಲ್ಲಿನ ಅನಿಶ್ಚಯವು ಅಪಾರವೆಂದೂ ಎಚ್ಚರಿಸಿತು.

ಇದಕ್ಕೆ ಒಂಬತ್ತು ವರ್ಷ ಮೊದಲು, ತಂದೆಯನ್ನು ಅನ್ಯಾಯವಾಗಿ ಸೆರೆಯಲ್ಲಿಟ್ಟರೆಂದು ಶೆಪರ್ಡನ ಮಗನು ಹೂಡಿದ್ದ ದಾವೆಯು ಕ್ಲೀವ್‌ಲೆಂಡಿನಲ್ಲಿ ವಿಚಾರಣೆಗೆ ಬಂದಿದ್ದಿತು. ಅಷ್ಟರೊಳಗೆ ಆ ಮನೆಯನ್ನೇ ಕೆಡವಿದ್ದರು. ಹಳೆಯ ಛಾಯಾಚಿತ್ರಗಳಲ್ಲಿ ಉಳಿದಿದ್ದ ಅದೇ ಕಲೆಗಳನ್ನು ಕುರಿತು ಉಭಯ ಪಕ್ಷಗಳ ತಜ್ಞರೂ ಮತ್ತೆ ವಾದಿಸಿದರು. ಜೂರಿಯವರು ಮಗನ ದಾವೆಯನ್ನು ಒಪ್ಪಲಿಲ್ಲ.