ಫ್ಯಾರಡೆಯ ತಂತಿ, ಕೋಲಾರದ ಗಣಿ

ಗೋಕಾಕದ ಜಲಪಾತವನ್ನು ನೋಡಲು ಬಂದವರಿಗೆ ನಮ್ಮ ಕಡೆಯವರು ಮೂರನ್ನು ತಪ್ಪದೆ ತೋರಿಸುತ್ತಾರೆ: ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುವ ಬಂಡೆ, ನದಿಯ ಮೇಲಿನ ತೂಗುಸೇತುವೆ, ದಂಡೆಯ ಮೇಲಿನ ನೂಲಿನ ಗಿರಣಿ. ಕೊನೆಗೆ, "ಹಿಂದುಸ್ತಾನದಾಗ ಕರೆಂಟ್ ಮೊದಲ ಹುಟ್ಟಿದ್ದು ಇಲ್ಲೇ ನೋಡ್ರಿ" ಎಂದು 1887ನೆಯ ಇಸವಿಯನ್ನೂ ಹೇಳುತ್ತಾರೆ. ನಾಗನೂರಿನ ನಾನು ಈ ಮಾತನ್ನು ಕೇಳುತ್ತಲೇ ಬೆಳೆದವನು. ಆದರೆ 'ಮೊದಲು' ಎಂಬ ಪದಕ್ಕೆ ಹಕ್ಕುದಾರರು ಬಹಳ. ಡಾರ್ಜಿಲಿಂಗಿನವರು ತಮ್ಮ 1897ರ ವಿದ್ಯುದಾಗಾರವನ್ನು ಮುಂದಿಡುತ್ತಾರೆ. ಶಿವನಸಮುದ್ರದ ಅಭಿಮಾನಿಗಳು 1902ನ್ನು ಬಿಟ್ಟುಕೊಡರು. ಆ ವ್ಯಾಜ್ಯ ಹಾಗೆಯೇ ಇರಲಿ. ಗೋಕಾಕದಲ್ಲಿ ನೀರಿನ ಬಲವನ್ನು ಬಳಸಬೇಕಾದರೆ ಗಿರಣಿಯೇ ಜಲಪಾತದ ನೆತ್ತಿಗೆ ಬರಬೇಕಾಯಿತು. ಹದಿನೈದು ವರ್ಷಗಳ ಬಳಿಕ ಕಾವೇರಿಯ ಬಲ ಶಿವನಸಮುದ್ರದಿಂದ 92 ಮೈಲು ದೂರದ ಕೋಲಾರದ ಚಿನ್ನದ ಗಣಿಗೆ ತಾನೇ ಹೋಯಿತು. ಈ ಪ್ರಯಾಣ ಸಾಧ್ಯವಾದುದು ಹೇಗೆಂಬುದು ನನಗೆ 'ಮೊದಲು ಯಾರು' ಎಂಬುದಕ್ಕಿಂತ ದೊಡ್ಡ ಪ್ರಶ್ನೆಯಾಗಿ ತೋರುತ್ತದೆ. ಕನ್ನಡದ ಮಾಸ್ತರನಿಗೆ ಈ ಉಸಾಬರಿ ಏಕೆಂದು ಕೇಳುವವರಿದ್ದಾರೆ. ಕೇಳಲಿ.

ಕಥೆ ಲಂಡನ್ನಿನ ಒಬ್ಬ ಕಮ್ಮಾರನ ಮಗನಿಂದ ಆರಂಭವಾಗುತ್ತದೆ. ಮೈಕೆಲ್ ಫ್ಯಾರಡೆಗೆ ಶಾಲೆಯ ಓದು ಅಷ್ಟಕ್ಕಷ್ಟೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ ಬರೆದುಕೊಂಡ ಟಿಪ್ಪಣಿಗೆ ತಾನೇ ರಟ್ಟು ಕಟ್ಟಿ ಅವನಿಗೆ ಕಳುಹಿಸಿದ. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾಗಿ ಸೇರಿಕೊಂಡ. ಗಣಿತ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಆದರೆ ಕಾಂತದ ಸುತ್ತಲಿನ ಬರಿಯ ಅವಕಾಶದಲ್ಲಿ ಬಲದ ಗೆರೆಗಳು ಹಬ್ಬಿರುವುದನ್ನು ಅವನು ಕಣ್ಣಿಗೆ ಕಟ್ಟಿದಂತೆ ಕಾಣಬಲ್ಲವನಾಗಿದ್ದ. ಮುಂದೆ ಮ್ಯಾಕ್ಸ್‌ವೆಲ್ ಆ ಗೆರೆಗಳಿಗೆ ಗಣಿತದ ಭಾಷೆ ಕೊಟ್ಟ. ಆ ಸಮೀಕರಣಗಳಿಂದಲೇ ರೇಡಿಯೋ ಬಂತು. ಅದು ಬೇರೆಯೇ ಕಥೆ.

1831ರ ಆಗಸ್ಟ್ 29ರಂದು ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತಿದ. ಒಂದರಲ್ಲಿ ವಿದ್ಯುತ್ತನ್ನು ಹರಿಸಿದಾಗ, ಮತ್ತೆ ನಿಲ್ಲಿಸಿದಾಗ, ಅದಕ್ಕೆ ತಾಗದ ಇನ್ನೊಂದು ಸುರುಳಿಗೆ ಹೊಂದಿಸಿದ ಮುಳ್ಳು ಕ್ಷಣಮಾತ್ರ ಅಲುಗಿತು. ಹರಿವು ಒಂದೇ ಸಮನಾಗಿದ್ದಾಗ ಅಲುಗಲಿಲ್ಲ. ಬದಲಾದಾಗ ಮಾತ್ರ ಅಲುಗಿತು. ಅಕ್ಟೋಬರ್ 17ರಂದು ಸುರುಳಿಯೊಳಗೆ ಕಾಂತದ ಸಲಾಕೆಯನ್ನು ನುಗ್ಗಿಸಿ ಹೊರಗೆಳೆದ; ಆಗಲೂ ವಿದ್ಯುತ್ತು ಹುಟ್ಟಿತು.

ಆ ಎರಡು ದಿನಗಳ ಕೆಲಸದಲ್ಲಿ ಶಿವನಸಮುದ್ರದ ಎರಡು ಯಂತ್ರಗಳ ಬೀಜವೂ ಇತ್ತು. ಸಲಾಕೆಯ ಬದಲು ದೊಡ್ಡ ಕಾಂತವನ್ನು ನೀರಿನ ಬಲದಿಂದ ತಿರುಗಿಸಿದರೆ ಅದು ಜನರೇಟರು. ಬಳೆಯ ಒಂದು ಕಡೆ ಕೆಲವೇ ಸುತ್ತು, ಇನ್ನೊಂದು ಕಡೆ ನೂರಾರು ಸುತ್ತು ಸುತ್ತಿದರೆ ಅದು ಟ್ರಾನ್ಸ್‌ಫಾರ್ಮರು. ವಿದ್ಯುತ್ತಿನ ಒತ್ತಡವನ್ನು ಏರಿಸಿ, ಹರಿವನ್ನು ಇಳಿಸುವ ಯಂತ್ರ. ತಂತಿ ಕಾಯ್ದು ಶಕ್ತಿ ಪೋಲಾಗುವುದು ಹರಿವಿನಿಂದ. ಹರಿವು ಅರ್ಧವಾದರೆ ಪೋಲು ಕಾಲುಭಾಗಕ್ಕೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯಂತ್ರಶಿಲ್ಪಿಗಳು ಈ ಲೆಕ್ಕವನ್ನು ಕೈವಶ ಮಾಡಿಕೊಂಡಿದ್ದರು. ಕಾವೇರಿಯ ಬಲ 92 ಮೈಲು ಹೋಗಲು ಸಾಧ್ಯವಾದುದು ಹೀಗೆ.

ಮೈಸೂರಿನ ದಿವಾನ ಶೇಷಾದ್ರಿ ಅಯ್ಯರರ ಕಾಲದಲ್ಲಿ, ಲಾಟ್‌ಬಿನಿಯರ್ ಎಂಬ ಎಂಜಿನಿಯರ ಯೋಜನೆಯಂತೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳಿಂದ ಈ ಕೆಲಸ ನಡೆಯಿತು. 1902ರ ಜೂನ್ 30ರಂದು ಗಣಿಗೆ ವಿದ್ಯುತ್ತು ತಲುಪಿತು. ಅದನ್ನು ಕಾಣಲು ದಿವಾನರು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಚಿನ್ನಕ್ಕೆ ಮೊದಲು, ಪಟ್ಟಣಕ್ಕೆ ಅನಂತರ. ಹಳ್ಳಿಯ ಗುಡಿಸಲು ಸರದಿಗಾಗಿ ಎಷ್ಟೋ ದಶಕ ಕಾದಿತು. ವಿಜ್ಞಾನವು ಎಲ್ಲರಿಗೂ ಒಂದೇ ದಿನ ಬರುವ ಮಳೆಯಲ್ಲ.

ವಿದ್ಯುತ್ತು ಬಂದ ಮೇಲೆ ಗಣಿ ಇನ್ನೂ ಆಳಕ್ಕೆ ಇಳಿಯಿತು. ತೊಟ್ಟಿಲನ್ನು ಎತ್ತುವುದು, ನೀರನ್ನು ಹೊರಹಾಕುವುದು, ಗಾಳಿಯನ್ನು ಒಳಗೆ ನೂಕುವುದು ಎಲ್ಲಕ್ಕೂ ವಿದ್ಯುತ್ತೇ ಆಸರೆ. ಚಾಂಪಿಯನ್ ರೀಫ್ ಗಣಿ ಕ್ರಮೇಣ 10,000 ಅಡಿಯನ್ನೂ ಮೀರಿತು. ಅಲ್ಲಿ ಬಂಡೆಯೇ ಕಾದ ಹಂಚಿನಂತೆ ಬಿಸಿ. ಒತ್ತಡ ತಾಳದೆ ಅದು ಸಿಡಿದು ಕೆಲಸಗಾರರು ಸತ್ತದ್ದೂ ಉಂಟು. ಕೆಳಗಿಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ಬಡವರು, ಅವರಲ್ಲಿಯೂ ಬಹುಮಂದಿ ದಲಿತರು. ಅವರು ಚಿನ್ನಕ್ಕಾಗಿ ಕೊರೆದ ಆ ಆಳ ಮುಂದೆ ಭೌತವಿಜ್ಞಾನಕ್ಕೆ ಬೇಕಾಯಿತು. ನನ್ನ ಮಾತಿನ ತಿರುಳು ಇಲ್ಲಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೋಮಿ ಭಾಭಾ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿದ್ದು, ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಅಧ್ಯಯನಕ್ಕೆ ಒಂದು ವಿಭಾಗವನ್ನು ಆರಂಭಿಸಿದ್ದರು. ಮುಂದೆ ಅವರು ಮುಂಬಯಿಯಲ್ಲಿ ಟಾಟಾ ಸಂಶೋಧನಾ ಸಂಸ್ಥೆಯನ್ನು ಕಟ್ಟಿದಾಗ, ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅಲ್ಲಿ ಸೇರಿದರು. 1951ರಲ್ಲಿ ಅವರು ಉಪಕರಣಗಳೊಡನೆ ಕೋಲಾರದ ಗಣಿಗೆ ಇಳಿದರು. ಆಕಾಶವನ್ನು ನೋಡಲು ಪಾತಾಳಕ್ಕೆ ಏಕೆ ಹೋಗಬೇಕು? ಬಂಡೆ ಜರಡಿಯಂತೆ ಕೆಲಸ ಮಾಡುತ್ತದೆ. ಕೆಳಗಿಳಿದಷ್ಟೂ ವಿಶ್ವಕಿರಣಗಳ ಕಣಗಳು ಸೋಸಿಹೋಗುತ್ತವೆ. 1960ರ ದಶಕದ ಆರಂಭದಲ್ಲಿ ಅತ್ಯಂತ ಆಳದಲ್ಲಿ ಇಟ್ಟ ಉಪಕರಣ ಏನನ್ನೂ ಎಣಿಸಲಿಲ್ಲ. ಬೇರೆಯವರಾಗಿದ್ದರೆ ನಿರಾಶರಾಗುತ್ತಿದ್ದರೋ ಏನೋ. ಇವರಿಗೆ ಆ ಮೌನವೇ ಶುಭವಾರ್ತೆ; ಅಷ್ಟು ಸದ್ದಿಲ್ಲದ ಸ್ಥಳದಲ್ಲಿ ಮಾತ್ರ ನ್ಯೂಟ್ರಿನೋದ ಹೆಜ್ಜೆ ಕೇಳಿಸೀತು.

ಈ ನ್ಯೂಟ್ರಿನೋ 1930ರಲ್ಲಿ ಪೌಲಿ ಊಹಿಸಿದ ಕಣ. ಸೂರ್ಯನಿಂದಲೇ ನಮ್ಮ ಬೆರಳುಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ಹಾದುಹೋಗುತ್ತವೆ, ನಮಗೆ ಅರಿವೇ ಇಲ್ಲ. ಇಡೀ ಭೂಮಿಯನ್ನೇ ಸಲೀಸಾಗಿ ದಾಟುತ್ತವೆ. ಎಲ್ಲೋ ಒಂದು ಮಾತ್ರ ಬಂಡೆಯ ಪರಮಾಣುವಿಗೆ ಬಡಿದು ಗುರುತನ್ನು ಬಿಡುತ್ತದೆ. ಶ್ರೀಕಂಠನ್, ಎಂ. ಜಿ. ಕೆ. ಮೆನನ್ ಮತ್ತು ಸಂಗಡಿಗರು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳವರೊಡನೆ ಕೂಡಿ ಸುಮಾರು 7,500 ಅಡಿ ಆಳದಲ್ಲಿ ಕಾದು ಕುಳಿತರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಬಿಟ್ಟ ಗುರುತು 1965ರಲ್ಲಿ ಅವರಿಗೆ ಸಿಕ್ಕಿತು. ಇಲ್ಲಿಯೂ 'ಮೊದಲು' ಎಂಬುದರ ತಂಟೆ ಉಂಟು: ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ತಂಡದವರಿಗೆ ಅದು ಫೆಬ್ರವರಿಯಲ್ಲೇ ಕಂಡಿತ್ತು, ಆದರೆ ಕೋಲಾರದ ಲೇಖನ ಆಗಸ್ಟ್ 15ರಂದು, ಅವರದು 30ರಂದು ಅಚ್ಚಾಯಿತು.

ಫ್ಯಾರಡೆ, ಮ್ಯಾಕ್ಸ್‌ವೆಲ್, ಐನ್‌ಸ್ಟೈನ್ ಎಂದು ಹೆಸರುಗಳ ಸರವನ್ನು ಪೋಣಿಸಿ, ಅವರು ಕೊಟ್ಟರು, ನಾವು ಪಡೆದೆವು ಎಂದು ಮುಗಿಸುವ ಬರಹಗಳನ್ನು ನಾನು ಬಹಳ ಓದಿದ್ದೇನೆ. ಅದು ಖಾತೆಯ ಅರ್ಧ ಮಾತ್ರ. ಫ್ಯಾರಡೆಯ ತಂತಿಯಿಂದ ಆಳವಾದ ಗಣಿ ಭೌತವಿಜ್ಞಾನಕ್ಕೆ ಒಂದು ಕಣದ ಸುದ್ದಿಯನ್ನು ಮರಳಿ ಕೊಟ್ಟಿತು. ಆ ಖಾತೆಯಲ್ಲಿ ಶ್ರೀಕಂಠನ್ನರ ಹೆಸರಿದೆ. ಸುರಂಗ ಕೊರೆದವರ ಹೆಸರಿಲ್ಲ. ವಾತಾವರಣದ ನ್ಯೂಟ್ರಿನೋ ಹಾದಿಯಲ್ಲಿ ರೂಪ ಬದಲಿಸುತ್ತದೆಂದು 1998ರಲ್ಲಿ ತೋರಿಸಿದ್ದು ಜಪಾನಿನ ಕಾಮಿಯೋಕಾದ ಹಳೆಯ ಗಣಿಯಲ್ಲಿ. 2015ರ ನೊಬೆಲ್ ಪಾರಿತೋಷಕದ ಒಂದು ಪಾಲು ಅದಕ್ಕೆ ಸಂದಿತು.

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. ಚಿನ್ನ ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿದ್ದರಿಂದ 2001ರ ಫೆಬ್ರವರಿ 28ರಂದು ಗಣಿಯನ್ನೂ ಮುಚ್ಚಿದರು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರತೊಡಗಿತು.