ಪಾಸ್‌ವರ್ಡ್: ಗಣಕ ಖಾತೆಗಳ ಕಾವಲಿನ ಇತಿಹಾಸ

ಪಾಸ್‌ವರ್ಡ್ ಎಂಬುದು ಗಣಕ ಖಾತೆಗೆ ತಾನೇ ಒಡೆಯನೆಂದು ತೋರಿಸಲು ಬಳಕೆದಾರ ಒಪ್ಪಿಸುವ ಗುಟ್ಟಿನ ಅಕ್ಷರಸಾಲು. ಇದರ ಇತಿಹಾಸ ಬಹುಮಟ್ಟಿಗೆ ಸೋರಿಕೆಗಳ ಇತಿಹಾಸ. ಕಾಪಿಟ್ಟವರ ಅಜಾಗರೂಕತೆ ಅದರಲ್ಲಿ ಎದ್ದು ಕಂಡರೂ ಬೈಗುಳ ತಿಂದವನು ಹೆಚ್ಚಾಗಿ ಬಳಕೆದಾರನೇ.

1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸತೊಡಗಿದಾಗ ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪಾಸ್‌ವರ್ಡ್ ಬಂತು. ಆದರೆ ಎಲ್ಲರ ಪಾಸ್‌ವರ್ಡುಗಳೂ ಒಂದೇ ಕಡತದಲ್ಲಿ, ಯಾರಾದರೂ ಓದಬಹುದಾದ ರೂಪದಲ್ಲೇ ಇದ್ದವು. ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆಯ ಯಂತ್ರಬಳಕೆ ಸಾಲದೆ ಸಂಶೋಧಕ ಅಲನ್ ಶೆರ್ 1962ರಲ್ಲಿ ಆ ಕಡತವನ್ನು ಮುದ್ರಿಸಿಕೊಡುವಂತೆ ಪಂಚ್ ಕಾರ್ಡಿನಲ್ಲಿ ಕೋರಿದರು. ಮುದ್ರಣ ಮರುಮಾತಿಲ್ಲದೆ ಸಿಕ್ಕಿತು. 1966ರಲ್ಲಿ ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಜಾಗದಲ್ಲಿ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತು.

ಪರಿಹಾರ ಹೊಳೆದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಪಾಸ್‌ವರ್ಡನ್ನೇ ಇಡುವ ಬದಲು, ಹಿಂದಕ್ಕೆ ತಿರುಗಿಸಲಾಗದಂತೆ ಕಲಸಿದ ಅದರ ರೂಪವನ್ನು ಮಾತ್ರ ಇಟ್ಟರೆ ಸಾಕೆಂದು ರೋಜರ್ ನೀಡ್‌ಹ್ಯಾಮ್ ಮತ್ತು ಸಹೋದ್ಯೋಗಿಗಳು 1960ರ ದಶಕದಲ್ಲೇ ತೋರಿಸಿದರು. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇದನ್ನು ಮುಂದುವರಿಸಿತು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ‘ಸಾಲ್ಟ್’ ವಿಧಾನವನ್ನು ವಿವರಿಸಿದರು: ಕಲಸುವ ಮುನ್ನ ಪ್ರತಿ ಪಾಸ್‌ವರ್ಡಿಗೂ ಬೇರೆಬೇರೆ ಯಾದೃಚ್ಛಿಕ ಅಂಶ ಬೆರೆಸಿದರೆ, ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಕಡತದಲ್ಲಿ ಒಂದೇ ಎಂದು ತಿಳಿಯದು. ಅವರು ಕಲೆಹಾಕಿದ 3,289 ಪಾಸ್‌ವರ್ಡುಗಳಲ್ಲಿ ಶೇ. 86ರಷ್ಟು ತೀರಾ ಗಿಡ್ಡವೋ ನಿಘಂಟಿನ ಪದಗಳೋ ಆಗಿದ್ದವು. 15 ಜನರದ್ದು ಬರೀ ಒಂದೇ ಅಕ್ಷರ! 1988ರ ನವೆಂಬರಿನಲ್ಲಿ ಅಂತರ್ಜಾಲವನ್ನು ಕಂಗೆಡಿಸಿದ, ತಾನೇ ಹರಡುವ ‘ವರ್ಮ್’ ಪ್ರೋಗ್ರಾಂ ಇಂಥ ದೌರ್ಬಲ್ಯವನ್ನೂ ಬಳಸಿಕೊಂಡಿತು. ಪಾಸ್‌ವರ್ಡ್ ಊಹಿಸಲು 432 ಪದಗಳ ಪಟ್ಟಿಯನ್ನು ಅದು ಜೊತೆಯಲ್ಲೇ ಒಯ್ಯುತ್ತಿತ್ತು. ಬರೆದವರು ಅದೇ ಮಾರಿಸರ ಮಗ.

ಕಲಸುವ ಕ್ರಿಯೆ ಬೇಕೆಂದೇ ನಿಧಾನವಾಗಿರಬೇಕೆಂಬ ತತ್ತ್ವದ ಮೇಲೆ 1999ರಲ್ಲಿ ಬಿಕ್ರಿಪ್ಟ್ ಬಂತು. ಆದರೂ ಹತ್ತು ವರ್ಷಗಳ ಬಳಿಕ ರಾಕ್‌ಯೂ ಎಂಬ ಕಂಪನಿಯಿಂದ ಸೋರಿದ 3.2 ಕೋಟಿ ಪಾಸ್‌ವರ್ಡುಗಳು ಯಾವ ಮುಚ್ಚುಮರೆಯೂ ಇಲ್ಲದೆ ಸಂಗ್ರಹವಾಗಿದ್ದವು. ಅತಿ ಜನಪ್ರಿಯವಾಗಿದ್ದದ್ದು 123456.

ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ ಆಗಾಗ ಬದಲಿಸಿ ಎಂಬ ಕಟ್ಟಳೆ ಹರಡಲು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ ಬಿಲ್ ಬರ್ 2003ರಲ್ಲಿ ಬರೆದ ಮಾರ್ಗಸೂಚಿ ಮುಖ್ಯ ಕಾರಣ. ಬದಲಿಸಿ ಎಂದಾಗಲೆಲ್ಲ ಜನ ಕೊನೆಯ ಅಂಕಿಯನ್ನಷ್ಟೇ ಏರಿಸುತ್ತಿದ್ದರು. 2017ರಲ್ಲಿ ಸಂಸ್ಥೆ ಆ ಎರಡೂ ಸಲಹೆಗಳನ್ನು ಕೈಬಿಟ್ಟಿತು; ಬರ್ ಬಹಿರಂಗವಾಗಿ ವಿಷಾದಿಸಿದರು. ಉದ್ದ ಮುಖ್ಯ, ಸೋರಿದ ಪಟ್ಟಿಗಳಲ್ಲಿರುವ ಪದ ಬೇಡ ಎಂಬುದು ಈಗಿನ ನಿಲುವು. ಥಾಂಪ್ಸನ್ ಅವರ ಹಳೆಯ ಪಾಸ್‌ವರ್ಡ್ ಚದುರಂಗದ ಒಂದು ನಡೆಯಾಗಿದ್ದು, ಅಂಕಿ-ಚಿಹ್ನೆ ಎಲ್ಲವನ್ನೂ ಒಳಗೊಂಡಿತ್ತು. ಆದರೂ ಎಂಟೇ ಅಕ್ಷರವಾದ್ದರಿಂದ 2019ರಲ್ಲಿ ಕೆಲವೇ ದಿನಗಳ ಲೆಕ್ಕಾಚಾರಕ್ಕೆ ಬಯಲಾಯಿತು.

ಭಾರತದಲ್ಲಿ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಕಡ್ಡಾಯಗೊಳಿಸಿತು. ಮುಂದೆ ಒಮ್ಮೆ ಮಾತ್ರ ಬಳಸುವ ಪಾಸ್‌ವರ್ಡ್ ಆದ ಒಟಿಪಿ ಮನೆಮಾತಾಯಿತು. 2022ರಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಒಟ್ಟಾಗಿ ಪಾಸ್‌ಕೀಗೆ ಬೆಂಬಲ ಘೋಷಿಸಿದವು. ಇದರಲ್ಲಿ ರಹಸ್ಯ ಕೀಲಿ ಬಳಕೆದಾರನ ಬಳಿಯೇ ಇದ್ದು, ಸೇವೆ ಕೊಡುವವರ ಗಣಕ ಸಾರ್ವಜನಿಕ ಕೀಲಿಯನ್ನಷ್ಟೇ ಹೊಂದಿರುತ್ತದೆ. ಆದರೆ ಪಾಸ್‌ಕೀ ಒದಗಿಸುವ ಅನೇಕ ಸೇವೆಗಳು ಪಾಸ್‌ವರ್ಡನ್ನೂ ಉಳಿಸಿಕೊಂಡಿವೆ.