ಹಗ್ಗದ ಈ ತುದಿಯವನು: ಪತ್ತೇದಾರಿ ಕತೆಯಲ್ಲಿ ನಾಯಿಯ ಪಾಲು

‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು.’ ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಈ ಸಾಲು ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕ ಇಟ್ಟವರಿಲ್ಲ. ನಾಯಿ ಬಂತು, ಮೂಸಿತು, ಒಂದಷ್ಟು ದೂರ ಓಡಿ ನಿಂತಿತು. ಅಲ್ಲಿಗೆ ಅದರ ಪಾತ್ರ ಮುಗಿಯಿತು. ಮುಂದಿನ ಪ್ಯಾರಾದಲ್ಲಿ ಇನ್‌ಸ್ಪೆಕ್ಟರ್ ಇರುತ್ತಾರೆ, ಕಮಿಷನರ್ ಇರುತ್ತಾರೆ. ಹಗ್ಗ ಹಿಡಿದು ನಾಯಿಯ ಹಿಂದೆ ಓಡಿದ ಕಾನ್‌ಸ್ಟೆಬಲ್ ಮಾತ್ರ ಇರುವುದಿಲ್ಲ. ನಮ್ಮ ಪತ್ತೇದಾರಿ ಸಾಹಿತ್ಯವೂ ಸಿನಿಮಾವೂ ನಡೆದದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಕನ್ನಡ ಕತೆಯಲ್ಲಿ ನಾಯಿಗೆ ಬರವಿಲ್ಲ. ಬರ ಇರುವುದು ನಾಯಿಯ ಜೊತೆ ಕೆಲಸ ಮಾಡುವ ಮನುಷ್ಯನಿಗೆ.

ನಾಯಿಯನ್ನು ಕತೆಗೆ ತರುವುದರಲ್ಲಿ ನಾವು ಹಿಂದೆ ಬಿದ್ದವರೇನೂ ಅಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ವೀರಗಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಉಳಿಸಿದೆ. ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತ ನಾಯಿ ಅದು. ಗಂಗ ದೊರೆ ಬೂತುಗನ ಸೇವಕ ಮಣಲೆರ ತನ್ನ ನಾಯಿಗೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಿಸಿದ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈ ಕಲ್ಲಿದೆ. ಇದರಲ್ಲಿ ಗಮನಿಸಬೇಕಾದ್ದು ನಾಯಿಯ ಶೌರ್ಯವೊಂದೇ ಅಲ್ಲ, ನಾಯಿ ಮತ್ತು ಒಡೆಯ ಇಬ್ಬರ ಹೆಸರೂ ಒಟ್ಟಿಗೆ ಉಳಿದದ್ದು. ಆಮೇಲಿನ ಕತೆಗಳಲ್ಲಿ ನಾಯಿಯ ನಿಯತ್ತಷ್ಟೇ ಉಳಿದು ಈ ಜೋಡಿ ಕಳಚಿಕೊಂಡಿತು.

ಪತ್ತೇದಾರಿ ಕತೆ ನಮ್ಮಲ್ಲಿಗೆ ಬಂದದ್ದು ಇಂಗ್ಲಿಷ್ ಓದಿನ ನೆರಳಿನಲ್ಲಿ. ಕಾನನ್ ಡಾಯ್ಲ್‌ನ ಶರ್ಲಾಕ್ ಹೋಮ್ಸ್ 1890ರಲ್ಲೇ ಟೋಬಿ ಎಂಬ ನಾಯಿಯನ್ನು ಎರವಲು ತಂದು ಲಂಡನ್ ಬೀದಿಗಳಲ್ಲಿ ಜಾಡು ಹಿಡಿಸಿದ್ದ. 1892ರ ಒಂದು ಕತೆಯಲ್ಲಿ ನಾಯಿ ಬೊಗಳದೆ ಇದ್ದದ್ದೇ ಸುಳಿವಾಯಿತು. 1901–02ರಲ್ಲಿ ಬಂದ ಬಾಸ್ಕರ್‌ವಿಲ್ ಕಾದಂಬರಿಯಲ್ಲಂತೂ ನಾಯಿಯೇ ಕೊಲೆಯ ಆಯುಧ. ಸುಳಿವು, ಸಾಧನ, ಭಯ ಎಂಬ ಈ ಮೂರು ಕೆಲಸಗಳಾಚೆ ಆ ಕಾಲದ ಕತೆ ನಾಯಿಗೆ ಏನನ್ನೂ ಕೊಡಲಿಲ್ಲ. ಎಲ್ಲವನ್ನೂ ಒಬ್ಬನೇ ಬಿಡಿಸುವ ಮೇಧಾವಿ ಪತ್ತೇದಾರನಿಗೆ ಜೊತೆಗಾರನೆಂದರೆ ಬೆರಗುಗೊಳ್ಳುವವನು ಮಾತ್ರ.

ಕನ್ನಡದಲ್ಲಿ ಆ ಮೇಧಾವಿಯನ್ನು ಮನೆಮಾತಾಗಿಸಿದವರು ಎನ್. ನರಸಿಂಹಯ್ಯ. ನಾಲ್ಕನೇ ತರಗತಿಗೇ ಓದು ನಿಂತ ಈ ಲೇಖಕರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ದಂಡು ಪ್ರದೇಶದಿಂದ ಹಳ್ಳಿಯ ಕಿರಾಣಿ ಅಂಗಡಿವರೆಗೆ, ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಹರಿದ ಈ ಪುಸ್ತಕಗಳಿಂದ ಓದು ಕಲಿತ ತಲೆಮಾರೇ ಇದೆ. ಪುರುಷೋತ್ತಮನಂಥವರು ವೇಷ ಮರೆಸಿಕೊಳ್ಳುತ್ತಾರೆ, ಕತ್ತಲಲ್ಲಿ ಹಿಂಬಾಲಿಸುತ್ತಾರೆ, ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ಗುಟ್ಟು ಬಿಚ್ಚುತ್ತಾರೆ. ಅವರಿಗೆ ಪೊಲೀಸ್ ಇಲಾಖೆಯೇ ಹೆಚ್ಚುವರಿ ಸಾಮಾನು. ಇನ್ನು ಶ್ವಾನದಳದ ಗತಿ ಹೇಳಬೇಕಿಲ್ಲ. ಮಾಭೀಶ, ಸುದರ್ಶನ ದೇಸಾಯಿ, ಟಿ.ಕೆ. ರಾಮರಾವ್ ಅವರ ಕಾಲಕ್ಕೆ ಕುತೂಹಲದ ಕಾದಂಬರಿಯ ಹದ ಬದಲಾಯಿತು, ಮನುಷ್ಯಸ್ವಭಾವದ ಕಡೆ ಗಮನ ಹೋಯಿತು. ಆದರೆ ತನಿಖೆಯ ದೈನಂದಿನ ದುಡಿಮೆ, ಅಂದರೆ ಪಂಚನಾಮೆ, ಠಾಣೆಯ ಡೈರಿ, ಬೆವರು, ಸುಳ್ಳು ಜಾಡು ಕತೆಯ ಹೊರಗೇ ಉಳಿಯಿತು.

ಕನ್ನಡದ ಓದುಗ ಜಾಡು ಹಿಡಿಯುವ ಕಲೆಯನ್ನು ಕಲಿತದ್ದು ಪತ್ತೇದಾರಿಯಿಂದಲ್ಲ, ಶಿಕಾರಿ ಕತೆಯಿಂದ. ಬೆಂಗಳೂರಿನ ಮಾರತ್ತಹಳ್ಳಿಗೆ ಒತ್ತಿಕೊಂಡಿರುವ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದ ಕೆನೆತ್ ಆಂಡರ್ಸನ್ (1910–1974) ರಜೆ ಸಿಕ್ಕರೆ ಕಾಡಿಗೆ ಹೋಗುತ್ತಿದ್ದವರು. 1954ರಲ್ಲಿ ಬಂದ ಅವರ ಮೊದಲ ಪುಸ್ತಕದ ಗುಮ್ಮಳಾಪುರದ ಚಿರತೆಯ ಕತೆಯಲ್ಲಿ, ಹಳ್ಳಿಯ ಬೀದಿನಾಯಿಯೊಂದು ಕತ್ತಲಲ್ಲಿ ಚಿರತೆ ಬರುವ ಸೂಚನೆ ಕೊಟ್ಟು ಬೇಟೆಗಾರನ ಜೀವ ಉಳಿಸುತ್ತದೆ. ಆಂಡರ್ಸನ್ ಆ ನಾಯಿಯನ್ನು ಬೆಂಗಳೂರಿಗೆ ತಂದು ಸಾಕಿದರು. ಆಂಡರ್ಸನ್ ಬರಹವನ್ನು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿ ತಮ್ಮದೇ ‘ಕರ್ವಾಲೋ’ (1980) ಮತ್ತು ‘ಪರಿಸರದ ಕತೆ’ಯಲ್ಲಿ ‘ಕಿವಿ’ ಎಂಬ ನಾಯಿಗೆ ಸ್ವಂತ ಬುದ್ಧಿ, ಸ್ವಂತ ತಿಕ್ಕಲು ಎರಡನ್ನೂ ಕೊಟ್ಟರು. ಅದೇ ತೇಜಸ್ವಿ ‘ಜುಗಾರಿ ಕ್ರಾಸ್’ (1994) ಎಂಬ ನಿಜವಾದ ಅಪರಾಧ ಕಾದಂಬರಿಯನ್ನೂ ಬರೆದರು. ಕಿವಿಯ ಲೋಕ ಒಂದು ಕಡೆ, ಜುಗಾರಿ ಕ್ರಾಸಿನ ಲೋಕ ಇನ್ನೊಂದು ಕಡೆ. ಎರಡೂ ಒಂದೇ ಪುಸ್ತಕದಲ್ಲಿ ಸಂಧಿಸಿದ್ದರೆ ಕನ್ನಡಕ್ಕೆ ಹೊಸ ಪ್ರಕಾರವೇ ಸಿಗುತ್ತಿತ್ತೇನೋ.

ಸಿನಿಮಾ ನಾಯಿ, ಅಪರಾಧ ಎರಡನ್ನೂ ಸೇರಿಸಿತು, ಆದರೆ ಭಾವನೆಯ ಬಲದಿಂದ. ‘ಗಂಧದ ಗುಡಿ’, ‘ಮಯೂರ’ ಖ್ಯಾತಿಯ ವಿಜಯ್ 1984ರಲ್ಲಿ ಶಂಕರ್‌ನಾಗ್ ಅವರನ್ನಿಟ್ಟುಕೊಂಡು ‘ತಾಳಿಯ ಭಾಗ್ಯ’ ನಿರ್ದೇಶಿಸಿದರು. ಒಡೆಯನ ಕೊಲೆಗೆ ನಾಯಿ ಸೇಡು ತೀರಿಸಿಕೊಳ್ಳುವ ಕತೆ ಅದು. ಮರುವರ್ಷ ಅವರೇ ಹಿಂದಿಯಲ್ಲಿ ಜಾಕಿ ಶ್ರಾಫ್ ಜೊತೆ ‘ತೇರಿ ಮೆಹರ್‌ಬಾನಿಯಾಂ’ ಮಾಡಿದಾಗ ದೇಶವೇ ನೋಡಿತು. ಅದರ ಬೇರು ಕನ್ನಡದ್ದೆಂದು ನೆನಪಿಟ್ಟವರು ಕಡಿಮೆ. ಅಲ್ಲಿ ನಾಯಿಯೇ ಸಾಕ್ಷಿ, ನಾಯಿಯೇ ನ್ಯಾಯಾಧೀಶ, ನಾಯಿಯೇ ಶಿಕ್ಷೆ ಕೊಡುವವ. ಒಡೆಯ ಸತ್ತ ಮೇಲೆಯೇ ಕತೆಗೆ ಕಾವು ಏರುವುದರಿಂದ ಜೋಡಿಯಾಗಿ ದುಡಿಯುವ ಮಾತೇ ಇಲ್ಲ. 2022ರ ‘777 ಚಾರ್ಲಿ’ ಕ್ರೂರ ತಳಿ ವ್ಯಾಪಾರಿಯ ಅಪರಾಧವನ್ನು ಮುಟ್ಟಿದರೂ ಅದರ ಜೀವಾಳ ಒಂಟಿ ಮನುಷ್ಯನ ಬದುಕು ತೆರೆದುಕೊಳ್ಳುವುದರಲ್ಲಿದೆ. ಇನ್ನು 2019ರ ‘ಕವಲುದಾರಿ’ಯಲ್ಲಿ ನೆಲದಡಿಯ ಎಲುಬುಗಳಿಂದ ಹಳೆಯ ಪ್ರಕರಣ ಮೇಲೆದ್ದರೂ, ಅದೇ ವರ್ಷದ ‘ಬೆಲ್ ಬಾಟಂ’ ಹಳೆಯ ಪತ್ತೇದಾರಿ ಪುಸ್ತಕಗಳ ಹುಚ್ಚಿಗೆ ನಗುತ್ತಲೇ ನಮಸ್ಕರಿಸಿದರೂ, ಶ್ವಾನದಳ ಮುಂಚೂಣಿಗೆ ಬರಲಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ನಾಯಿ ಮತ್ತು ಅದರ ಜೊತೆಗಾರ ಸೇರಿ ರಹಸ್ಯ ಬಿಡಿಸುವ ಕತೆ ಪ್ರತ್ಯೇಕ ಕಪಾಟಾಗಿ ಬೆಳೆದಿತ್ತು. 1995ರಲ್ಲಿ ವರ್ಜಿನಿಯಾ ಲೇನಿಯರ್, ಜಾರ್ಜಿಯಾ ರಾಜ್ಯದ ಜೌಗು ಕಾಡಿನಲ್ಲಿ ಬ್ಲಡ್‌ಹೌಂಡ್ ತರಬೇತು ಮಾಡುವ ಹೆಂಗಸನ್ನು ನಾಯಕಿಯಾಗಿಸಿದರು. 2000ದಲ್ಲಿ ಐರಿಸ್ ಜೋಹಾನ್ಸೆನ್ ಶೋಧ ಮತ್ತು ರಕ್ಷಣೆಯ ನಾಯಿ ಮಾಂಟಿಯನ್ನು ತಂದರು. 2001ರ ನ್ಯೂಯಾರ್ಕ್ ದಾಳಿಯ ಅವಶೇಷಗಳ ಮೇಲೆ ನಡೆದಾಡಿದ ನಾಯಿಗಳನ್ನು ಜಗತ್ತು ಟಿ.ವಿ.ಯಲ್ಲಿ ಕಂಡ ಮೇಲೆ ಇಂಥ ಕತೆಗೆ ಓದುಗರು ಹೆಚ್ಚಿದರು. 2013ರಲ್ಲಿ ರಾಬರ್ಟ್ ಕ್ರೇಸ್, ಅಫ್ಘಾನಿಸ್ತಾನದಲ್ಲಿ ತನ್ನ ಹ್ಯಾಂಡ್ಲರನ್ನು, ಅಂದರೆ ತನ್ನನ್ನು ನಡೆಸುವ ಜೊತೆಗಾರನನ್ನು, ಕಳೆದುಕೊಂಡ ಮ್ಯಾಗಿ ಎಂಬ ಜರ್ಮನ್ ಶೆಫರ್ಡನ್ನೂ, ಗುಂಡೇಟಿನಲ್ಲಿ ಜೊತೆಗಾರ್ತಿಯನ್ನು ಕಳೆದುಕೊಂಡ ಪೊಲೀಸನನ್ನೂ ಒಂದುಗೂಡಿಸಿದರು. ಆಮೇಲೆ ಅಲೆಕ್ಸ್ ಕಾವಾ, ಮಾರ್ಗರೆಟ್ ಮಿಜುಶಿಮಾ, ಪಾಲಾ ಮುನಿಯರ್ ಸರಣಿಗಳನ್ನೇ ಬರೆದರು. ಈ ಪಟ್ಟಿಯಲ್ಲಿ ಹೆಂಗಸರೇ ಹೆಚ್ಚು. ಅವರು ಮಾಡಿದ ಮುಖ್ಯ ಬದಲಾವಣೆ ಇಷ್ಟು: ರಹಸ್ಯ ಬಿಡಿಸುವುದು ಒಬ್ಬನ ತಲೆಯಲ್ಲ, ಎರಡು ಜೀವಗಳ ನಡುವಿನ ನಂಬಿಕೆ. ನಾಯಿಗೆ ಗೊತ್ತಿದೆ, ಹೇಳಲಾರದು. ಮನುಷ್ಯ ಹೇಳಬಲ್ಲ, ಅವನಿಗೆ ಗೊತ್ತಿಲ್ಲ. ರೋಚಕತೆ ಹುಟ್ಟುವುದು ಈ ಸಂದಿಯಲ್ಲಿ.

ಕರ್ನಾಟಕದಲ್ಲಿ ಇದಕ್ಕೆ ಸಾಮಗ್ರಿ ಕಡಿಮೆಯೇನಿಲ್ಲ. ಬೆಂಗಳೂರು ನಗರ ಪೊಲೀಸರ ಶ್ವಾನದಳ ಆಡುಗೋಡಿಯಲ್ಲಿದೆ. ನಗರದ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್ 2011ರಿಂದ ನಾಯಿಗಳ ತಳಿ ಮತ್ತು ತರಬೇತಿ ಕೇಂದ್ರ ನಡೆಸುತ್ತಿದೆ. ಮುಧೋಳದ ನಾಯಿ ಮೀರತ್‌ನ ಸೇನೆಯ ನಾಯಿ ತರಬೇತಿ ಕೇಂದ್ರದವರೆಗೂ ಹೋಗಿದೆ. ದಾವಣಗೆರೆಯ ಡಾಬರ್‌ಮನ್ ತುಂಗಾ 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆಯೊಂದರ ಜಾಡು ಹಿಡಿದು ಸುಮಾರು 12 ಕಿ.ಮೀ. ಓಡಿ ಆರೋಪಿಯ ಸುಳಿವು ಕೊಟ್ಟಿತು. ತನ್ನ ಸೇವೆಯಲ್ಲಿ 50ಕ್ಕೂ ಹೆಚ್ಚು ಕೊಲೆ ಪ್ರಕರಣಗಳಿಗೆ ನೆರವಾದ ಹೆಸರು ಅದಕ್ಕಿತ್ತು. 2022ರಲ್ಲಿ ತೀರಿಕೊಂಡಾಗ ಪೊಲೀಸ್ ಗೌರವದೊಂದಿಗೆ ಮಣ್ಣು ಮಾಡಿದರು. 2024ರ ಜುಲೈನಲ್ಲಿ ಅದರ ಹೆಸರು ಹೊತ್ತ ತುಂಗಾ-2 ರಾತ್ರಿ ಮಳೆಯಲ್ಲಿ 8 ಕಿ.ಮೀ. ಓಡಿ, ಕೊಲೆ ಆರೋಪಿಯನ್ನು ಪತ್ತೆ ಮಾಡಿದ್ದಲ್ಲದೆ, ಅವನ ಕೈಯಲ್ಲಿ ಏಟು ತಿನ್ನುತ್ತಿದ್ದ ಹೆಂಗಸಿನ ಪ್ರಾಣವನ್ನೂ ಉಳಿಸಿತು. ಯಾವ ಕಾದಂಬರಿಕಾರ ಬರೆದಿದ್ದರೂ ‘ಉತ್ಪ್ರೇಕ್ಷೆ’ ಎನ್ನಿಸಿಕೊಳ್ಳುತ್ತಿದ್ದ ಘಟನೆ.

ಸುದ್ದಿಯಾಗದ ಇನ್ನೊಂದು ಅಂಕ ನ್ಯಾಯಾಲಯದಲ್ಲಿದೆ. ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನಾಯಿಯ ಜಾಡಿನ ಸಾಕ್ಷ್ಯಕ್ಕೆ ಇರುವ ತಕರಾರುಗಳನ್ನು ವಿವರಿಸಿತು. ನಾಯಿ ಕಟಕಟೆ ಹತ್ತಲಾರದು. ಅದರ ಪರವಾಗಿ ಹ್ಯಾಂಡ್ಲರ್ ಹೇಳಬೇಕು, ಅದು ಕೇಳಿದ ಮಾತಿನ ಸಾಕ್ಷ್ಯದಂತಾಗುತ್ತದೆ. ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯ ನಾಯಿಯ ತೀರ್ಮಾನದ ಮೇಲೆ ನಿಲ್ಲಬಾರದು. ಹಾಗಾಗಿ ನಾಯಿ ತೋರಿದ ದಾರಿ ತನಿಖೆಗೆ ಆಸರೆ, ಶಿಕ್ಷೆಗೆ ಅದೊಂದೇ ಸಾಲದು. ನಾಯಿ ನಿಂತ ಮನೆಯೊಳಗೆ ರಕ್ತದ ಬಟ್ಟೆಯೋ ಕದ್ದ ಒಡವೆಯೋ ಸಿಗಬೇಕು. ಸಿಗದಿದ್ದರೆ? ತನ್ನ ನಾಯಿ ಸುಳ್ಳು ಹೇಳುವುದಿಲ್ಲ ಎಂದು ಬಲ್ಲ ಒಬ್ಬ ಕಾನ್‌ಸ್ಟೆಬಲ್, ಅದನ್ನು ರುಜುವಾತು ಮಾಡಲಾರದೆ ವಕೀಲರ ಪಾಟೀಸವಾಲಿನ ಎದುರು ನಿಲ್ಲುತ್ತಾನೆ. ಇಡೀ ಒಂದು ಕಾದಂಬರಿಗೆ ಸಾಕಾಗುವ ಇಕ್ಕಟ್ಟು ಇದು.

ಊರು ಬದಲಾದರೆ ಇಕ್ಕಟ್ಟೂ ಬದಲಾಗುತ್ತದೆ. ಚನ್ನಗಿರಿಯ ಹೊಲದ ಬದುವಿನಲ್ಲಿ ನಿಲ್ಲುವ ವಾಸನೆ ಮಾರತ್ತಹಳ್ಳಿಯಲ್ಲಿ ನಿಲ್ಲುವುದು ಕಷ್ಟ. ಮನುಷ್ಯನ ಮೈಯಿಂದ ಉದುರುವ ಚರ್ಮದ ಸೂಕ್ಷ್ಮ ಕಣಗಳೇ ಜಾಡಿಗೆ ಆಧಾರ. ತಂಪು, ತೇವ, ಹುಲ್ಲು ಇದ್ದರೆ ಅವು ಉಳಿಯುತ್ತವೆ. ಬಿಸಿಲಿಗೆ ಕಾದ ಡಾಂಬರು, ಬಸ್ಸಿನ ಹೊಗೆ, ಸೇತುವೆಯಡಿ ಹಾದುಹೋಗುವ ಸಾವಿರಾರು ಕಾಲುಗಳು ಅವನ್ನು ಅಳಿಸಿಹಾಕುತ್ತವೆ. ಆರೋಪಿ ಆಟೊ ಹತ್ತಿದ ಜಾಗಕ್ಕೆ ನಾಯಿ ನಿಲ್ಲುತ್ತದೆ. ಪಕ್ಕದ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರಂದು ಬಾಂಬ್ ಸ್ಫೋಟಿಸಿದಾಗ ತನಿಖೆಗೆ ದಿಕ್ಕು ತೋರಿದ್ದು ಮುಖ್ಯವಾಗಿ ಸಿಸಿ ಕ್ಯಾಮೆರಾಗಳು. ಇಂದಿನ ಅಪರಾಧ ಕತೆಯೂ ಮೊಬೈಲ್ ಟವರ್, ಕ್ಯಾಮೆರಾಗಳ ಕಡೆಗೇ ವಾಲಿದೆ. ಹಾಗಂತ ನಾಯಿಯ ಕೆಲಸ ಮುಗಿಯಲಿಲ್ಲ. ಬಾಂಬ್ ಬೆದರಿಕೆಯ ಇ-ಮೇಲ್ ಬಂದ ಶಾಲೆಯನ್ನು ಮಕ್ಕಳ ಪಾಲಿಗೆ ಮತ್ತೆ ತೆರೆಯಬಹುದೇ ಎಂದು ತೀರ್ಮಾನಿಸುವಾಗ ಕ್ಯಾಮೆರಾ ಉಪಯೋಗಕ್ಕೆ ಬರುವುದಿಲ್ಲ.

ಕುಸಿದ ಕಟ್ಟಡದಡಿ ಉಸಿರು ಹುಡುಕುವುದಕ್ಕೂ ಅಷ್ಟೇ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಬಿದ್ದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು ಬೆಂಗಳೂರು ಪೂರ್ವದ ಬಾಬುಸಾಪಾಳ್ಯದಲ್ಲಿ ಇನ್ನೊಂದು ಬಿದ್ದು 9 ಕಾರ್ಮಿಕರು ತೀರಿಕೊಂಡರು. ಇವು ಅವಘಡಗಳಾಗಿ ವರದಿಯಾದರೂ ಒಳಗಿರುವುದು ಅಪರಾಧವೇ. ಅನುಮತಿ ಯಾರು ಕೊಟ್ಟರು, ಮಹಡಿ ಯಾರು ಏರಿಸಿದರು, ಕಣ್ಣು ಮುಚ್ಚಿಕೊಂಡವರು ಯಾರು? ರಕ್ಷಣಾ ನಾಯಿ ಜೀವ ಹುಡುಕುವ ಜಾಗದಲ್ಲೇ ತನಿಖಾಧಿಕಾರಿ ಹೊಣೆ ಹುಡುಕಬೇಕು. ಬೆಂಗಳೂರಿಗೆ ಒಪ್ಪುವ ರೋಚಕ ಕಾದಂಬರಿಯ ಹೊಲ ಇದೇ. ಕೊಲೆಗಾರ ಇಲ್ಲಿ ಚಾಕು ಹಿಡಿದವನಲ್ಲ, ಕಡತಕ್ಕೆ ಸಹಿ ಹಾಕಿದವನು.

ಹಾಗಾದರೆ ನಮ್ಮಲ್ಲಿ ಈ ಪ್ರಕಾರ ಏಕೆ ಬೆಳೆಯಲಿಲ್ಲ? ಓದುಗರ ಕೊರತೆ ಕಾರಣವಲ್ಲ. ತುಂಗಾ ಸುದ್ದಿಯನ್ನು ಜನ ಕತೆಯಂತೆಯೇ ಓದಿದರು. ನಮ್ಮ ಪತ್ತೇದಾರ ಮೊದಲಿನಿಂದಲೂ ಒಂಟಿ ಮೇಧಾವಿ, ನಮ್ಮ ಸಿನಿಮಾ ಪೊಲೀಸ್ ಒಂಟಿ ಶೂರ. ಕೆಳಹಂತದ ನೌಕರನೊಬ್ಬ ಮೂಕಜೀವದ ಹಿಂದೆ ನಡೆದು, ಅದರ ಬಾಲದ ಬಿಗಿ, ಕಿವಿಯ ತಿರುವು ನೋಡಿ ತೀರ್ಮಾನ ತೆಗೆದುಕೊಳ್ಳುವ ವಿನಯ ಇಬ್ಬರಿಗೂ ಒಗ್ಗುವುದಿಲ್ಲ. ಹ್ಯಾಂಡ್ಲರ್ ನಾಯಕನಾಗಬೇಕಾದರೆ ಕತೆಗಾರ ಮೊದಲು ಸರ್ವಜ್ಞತ್ವ ಬಿಡಬೇಕು. ಅದಕ್ಕೆ ಪುರುಷೋತ್ತಮನ ಚಾಣಾಕ್ಷತೆ ಬೇಕಿಲ್ಲ. ಆಡುಗೋಡಿಯ ಮೈದಾನದ ಅಂಚಿನಲ್ಲಿ ಕೆಲವು ಬೆಳಗು ನಿಂತು, ಒಬ್ಬ ಕಾನ್‌ಸ್ಟೆಬಲ್ ತನ್ನ ನಾಯಿಯಿಂದ ಏನು ಕಲಿಯುತ್ತಾನೆಂದು ನೋಡುವ ತಾಳ್ಮೆ ಸಾಕು.